ಹಗುರ ಲಿನಕ್ಸ್ ಸಿಸ್ಟಮ್‌ಗೆ ಯಾವ ಪ್ಯಾಕೇಜ್ ಫಾರ್ಮ್ಯಾಟ್? ಡೆಬ್, ಪೆಟ್, ಎಸ್‌ಎಫ್‌ಎಸ್, ಟಿಸಿಝಡ್, ಆ್ಯಪ್‌ಇಮೇಜ್

ಪದರಪ್ರಿಯ:

ಎಲ್ಲರಿಗೂ ನಮಸ್ಕಾರ. 2 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್‌ಗಳಿಗಾಗಿ ಡೆಬಿಯನ್ 12 ಲಿನಕ್ಸ್‌ನ ಬೈನರಿಗಳನ್ನೇ (ಕಂಪೈಲ್ ಆದ ಸಿದ್ಧ ಪ್ರೋಗ್ರಾಮ್‌ಗಳನ್ನೇ) ಇಟ್ಟುಕೊಂಡು ಒಂದು ಸಣ್ಣ ಸಿಸ್ಟಮ್ ಕಟ್ಟುತ್ತಿದ್ದೇನೆ. ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ. ತಳದಲ್ಲಿ ಇಡೀ ಸಿಸ್ಟಮ್ ಒಂದೇ ಸ್ಕ್ವಾಶ್‌ಎಫ್‌ಎಸ್ ಫೈಲ್, ಅಂದರೆ ಕುಗ್ಗಿಸಿಟ್ಟ ಫೈಲ್‌ಸಿಸ್ಟಮ್. ಅದನ್ನು ಓದಬಹುದು, ಅದಕ್ಕೆ ಬರೆಯಲಾಗದು. ಅದರ ಮೇಲೆ ಓವರ್‌ಲೇಎಫ್‌ಎಸ್ (ಪದರಗಳನ್ನು ಒಂದರ ಮೇಲೊಂದಿಟ್ಟು ಒಂದೇ ಆಗಿ ತೋರಿಸುವ ಕರ್ನಲ್ ಸೌಲಭ್ಯ) ಮೂಲಕ ಸೇವ್ ಫೋಲ್ಡರ್. ಬಳಕೆದಾರರು ಏನೇ ಬದಲಿಸಿದರೂ ಅಲ್ಲಿ ಹೋಗಿ ಕೂರುತ್ತದೆ. ಬೂಟ್ ಆದಾಗ ಸೇವೆಗಳನ್ನು ಶುರುಮಾಡಲು ಸಿಸ್ಟಮ್‌ಡಿ ಇಲ್ಲ, ಹಗುರವಾದ ಇನಿಟ್ ಇದೆ.

ತಳ ಸಿದ್ಧ. ಈಗ ತಲೆ ಕೊರೆಯುತ್ತಿರುವುದು ಆಮೇಲೆ ಸೇರಿಸುವ ಸಾಫ್ಟ್‌ವೇರ್‌ನ ವಿಚಾರ. ಡೆಬಿಯನ್‌ನಲ್ಲಿ ಪ್ಯಾಕೇಜ್ ಇಳಿಸಿ ಹಾಕುವ ಆಪ್ಟ್ ಬಿಟ್ಟುಬಿಡಲೇ? ಪಪ್ಪಿ ಲಿನಕ್ಸ್‌ನವರ ಹಾಗೆ ಪೆಟ್ ಮತ್ತು ಎಸ್‌ಎಫ್‌ಎಸ್ ಇಡಲೇ? ಟೈನಿ ಕೋರ್ ಎಂಬ ಪುಟ್ಟ ಲಿನಕ್ಸ್‌ನವರ ಟಿಸಿಝಡ್ ಚೆನ್ನಾಗಿದೆ ಅನ್ನುತ್ತಾರೆ. ಒಂದಕ್ಕೆ ಕೈಹಾಕಿದ ಮೇಲೆ ಬದಲಿಸುವುದು ಕಷ್ಟ, ಅದಕ್ಕೇ ಮೊದಲು ಕೇಳುತ್ತಿದ್ದೇನೆ.

ಭಂಡಾರಿ:

ಡೆಬಿಯನ್‌ನ ಡೆಬ್ ಬಿಟ್ಟು ಬೇರೆ ಯೋಚನೆಯೇ ಬೇಡ ಸರ್. ಡೆಬಿಯನ್ 12ರ ಭಂಡಾರದಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜ್ ಇವೆ. ಅವಲಂಬನೆ (ಯಾವುದಕ್ಕೆ ಇನ್ಯಾವುದು ಬೇಕು ಎಂಬುದು) ಬರೆದಿಟ್ಟಿದ್ದಾರೆ, ಭದ್ರತಾ ತಿದ್ದುಪಡಿ ಕೊಡುತ್ತಾರೆ, ಭಂಡಾರದ ಸೂಚಿಗೆ ಸಹಿ ಇದೆ. ಫಾರ್ಮ್ಯಾಟ್ ಕೂಡ ಸರಳ: ಒಂದು ಎಆರ್ ಕಟ್ಟು, ಒಳಗೆ ಮೂರೇ ತುಂಡು. ಡೆಬಿಯನ್-ಬೈನರಿ ಎಂಬ ಪುಟ್ಟ ಫೈಲ್‌ನಲ್ಲಿ 2.0 ಎಂದು ಬರೆದಿರುತ್ತದೆ. ಕಂಟ್ರೋಲ್ ಟಾರ್‌ನಲ್ಲಿ ವಿವರ ಮತ್ತು ಸ್ಕ್ರಿಪ್ಟ್, ಡೇಟಾ ಟಾರ್‌ನಲ್ಲಿ ಫೈಲ್‌ಗಳು. ಏನಾದರೂ ಕೆಟ್ಟರೆ ಎಆರ್ ಮತ್ತು ಟಾರ್ ಎರಡರಿಂದಲೇ ಬಿಚ್ಚಿ ನೋಡಬಹುದು.

ಸ್ವಂತ ಫಾರ್ಮ್ಯಾಟ್ ಶುರುಮಾಡಿದರೆ ಪ್ರತಿ ಪ್ಯಾಕೇಜನ್ನೂ ನೀವೇ ಕಟ್ಟಬೇಕು. ಬ್ರೌಸರ್‌ಗೆ ಭದ್ರತಾ ತಿದ್ದುಪಡಿ ಬಂದ ದಿನ ನೀವು ಊರಲ್ಲಿಲ್ಲದಿದ್ದರೆ ಯಾರು ಕಟ್ಟುತ್ತಾರೆ?

ಕಟ್ಟುಗ:

ಭಂಡಾರಿಯವರು ಹೇಳಿದ್ದು ಹಾರ್ಡ್ ಡಿಸ್ಕ್‌ನಲ್ಲಿ ಪೂರ್ತಿ ಇನ್‌ಸ್ಟಾಲ್ ಮಾಡಿದ ಸಿಸ್ಟಮ್‌ಗೆ ಅಕ್ಷರಶಃ ನಿಜ. ಆದರೆ ಪದರಪ್ರಿಯ ಅವರದು ಪದರಗಳ ಸಿಸ್ಟಮ್. ಅಲ್ಲಿ ಫಾರ್ಮ್ಯಾಟ್‌ಗಿಂತ ದೊಡ್ಡ ಪ್ರಶ್ನೆ ಬೇರೆ ಇದೆ, ಅದನ್ನು ಬಿಡಿಸಿ ಹೇಳುತ್ತೇನೆ.

ಓವರ್‌ಲೇಎಫ್‌ಎಸ್‌ನಲ್ಲಿ ಎರಡು ಪದರಗಳಲ್ಲಿ ಒಂದೇ ಹೆಸರಿನ ಡೈರೆಕ್ಟರಿ ಇದ್ದರೆ ಎರಡರ ಒಳಗಿನದೂ ಬೆರೆತು ಕಾಣುತ್ತದೆ. ಒಂದೇ ಹೆಸರಿನ ಫೈಲ್ ಇದ್ದರೆ ಮೇಲಿನದು ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಸಾಲು ಸಾಲಾಗಿ ಬೆರೆಯುವುದಿಲ್ಲ.

ಈಗ ಡೆಬ್‌ಗಳನ್ನು ಹಾಕುವ ಡಿಪಿಕೆಜಿಯ ಲೆಕ್ಕದ ಪುಸ್ತಕ ನೋಡಿ. /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಎಂಬ ಒಂದೇ ಒಂದು ಪಠ್ಯ ಫೈಲ್. ಸಿಸ್ಟಮ್‌ನ ಎಲ್ಲ ಪ್ಯಾಕೇಜ್‌ಗಳ ಹೆಸರು, ಆವೃತ್ತಿ, ಸ್ಥಿತಿ ಅದರಲ್ಲೇ. ಬಳಕೆದಾರರು ಒಂದು ಚಿಕ್ಕ ಪಠ್ಯ ಸಂಪಾದಕ ಹಾಕಿಕೊಂಡರೂ ಸಾಕು, ಆ ಇಡೀ ಫೈಲ್‌ನ ಹೊಸ ಪ್ರತಿ ಸೇವ್ ಫೋಲ್ಡರ್‌ಗೆ ಬಂತು. ಆರು ತಿಂಗಳ ನಂತರ ನೀವು ತಳದ ಸ್ಕ್ವಾಶ್‌ಎಫ್‌ಎಸ್‌ನ ಹೊಸ ಆವೃತ್ತಿ ಕೊಡುತ್ತೀರಿ. ಲೈಬ್ರರಿಗಳೆಲ್ಲ ಹೊಸವು. ಆದರೆ ಸೇವ್ ಫೋಲ್ಡರ್‌ನ ಹಳೇ ಸ್ಟೇಟಸ್ ಹೊಸದನ್ನು ಮುಚ್ಚಿ ಕೂತಿದೆ! ಡಿಸ್ಕ್‌ನಲ್ಲಿ ಹೊಸ ಲೈಬ್ರರಿ, ಪುಸ್ತಕದಲ್ಲಿ ಹಳೇ ಆವೃತ್ತಿ. ಆಪ್ಟ್ ಅದನ್ನೇ ನಂಬಿ, ಈಗಾಗಲೇ ಇರುವುದನ್ನೇ ಮತ್ತೆ ಇಳಿಸಿ ಸೇವ್ ಫೋಲ್ಡರ್ ತುಂಬಿಸುತ್ತದೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು: ಬಳಕೆದಾರರು ಹಿಂದೆ ಯಾವಾಗಲೋ ಅಪ್‌ಗ್ರೇಡ್ ಮಾಡಿದ ಹಳೇ ಜಿಲಿಬ್‌ಸಿ (ಬಹುತೇಕ ಎಲ್ಲ ಪ್ರೋಗ್ರಾಮ್‌ಗಳೂ ಬಳಸುವ ಮೂಲ ಸಿ ಲೈಬ್ರರಿ) ಮೇಲಿನ ಪದರದಲ್ಲಿ ಉಳಿದು, ಹೊಸ ತಳದ ಜಿಲಿಬ್‌ಸಿಯನ್ನು ಮುಚ್ಚಿದರೆ ಹೊಸ ಪ್ರೋಗ್ರಾಮ್‌ಗಳು ಏಳುವುದೇ ಇಲ್ಲ.

ಸ್ಲ್ಯಾಕ್‌ವೇರ್‌ನವರು ಒಂದೊಂದು ಪ್ಯಾಕೇಜ್‌ಗೆ ಒಂದೊಂದು ಫೈಲ್ ಇಟ್ಟು ಲೆಕ್ಕ ಬರೆಯುತ್ತಾರೆ. ಹಿಂದೆ /ವಾರ್/ಲಾಗ್/ಪ್ಯಾಕೇಜಸ್ ಇತ್ತು, 15.0ರಿಂದ /ವಾರ್/ಲಿಬ್/ಪಿಕೆಜಿಟೂಲ್ಸ್ ಒಳಗೆ ಹೋಗಿದೆ. ಆರ್ಚ್‌ನ ಪ್ಯಾಕ್‌ಮ್ಯಾನ್ ಒಂದೊಂದಕ್ಕೆ ಒಂದೊಂದು ಡೈರೆಕ್ಟರಿ ಇಡುತ್ತದೆ. ಇವು ಪದರಗಳಲ್ಲಿ ತಾವಾಗಿಯೇ ಬೆರೆಯುತ್ತವೆ. ಪ್ಯಾಕೇಜ್ ಫೈಲ್‌ನ ಬಾಲದಲ್ಲಿ ಡೆಬ್ ಇದೆಯೋ ಟಿಎಕ್ಸ್‌ಝಡ್ ಇದೆಯೋ ಅನ್ನುವುದಕ್ಕಿಂತ ಲೆಕ್ಕ ಎಲ್ಲಿ, ಹೇಗೆ ಬರೆಯುತ್ತೀರಿ ಅನ್ನುವುದೇ ನಿಮ್ಮ ಸಿಸ್ಟಮ್ ಬಾಳುತ್ತದೋ ಇಲ್ಲವೋ ನಿರ್ಧರಿಸುತ್ತದೆ.

ಹಳೇಯಂತ್ರ:

ಕಟ್ಟುಗ ಅವರು ಹೇಳಿದ ತೊಂದರೆಗೆ ಪಪ್ಪಿಯಲ್ಲಿ ಬಹಳ ಹಿಂದೆಯೇ ಒಂದು ದಾರಿ ಹುಡುಕಿದ್ದಾರೆ. ಬ್ಯಾರಿ ಕೌಲರ್ ಅವರು 2003ರಲ್ಲಿ ಪಪ್ಪಿ ಬಿಡುಗಡೆ ಮಾಡಿದವರು. ಆಮೇಲೆ ವೂಫ್ ಬಂತು. ಡೆಬಿಯನ್, ಉಬುಂಟು, ಸ್ಲ್ಯಾಕ್‌ವೇರ್ ಯಾವುದರ ಬೈನರಿಯಿಂದ ಬೇಕಾದರೂ ಪಪ್ಪಿ ಕಟ್ಟುವ ವ್ಯವಸ್ಥೆ ಅದು. ಅದರಲ್ಲಿ ತಳದ ಜೊತೆ ಬಂದ ಪ್ಯಾಕೇಜ್‌ಗಳ ಪಟ್ಟಿ ಒಂದು ಫೈಲ್, ಬಳಕೆದಾರರು ಹಾಕಿಕೊಂಡವುಗಳ ಪಟ್ಟಿ ಇನ್ನೊಂದು ಫೈಲ್. ಮೊದಲನೆಯದನ್ನು ಬಳಕೆದಾರರು ಮುಟ್ಟುವುದೇ ಇಲ್ಲ, ಹಾಗಾಗಿ ತಳ ಬದಲಾದರೆ ಅದೂ ಬದಲಾಗುತ್ತದೆ. ಇಷ್ಟು ಸಣ್ಣ ಉಪಾಯ, ಎಷ್ಟು ದೊಡ್ಡ ಅನುಕೂಲ ನೋಡಿ.

ಪೆಟ್ ಅಂದರೆ ವಿಶೇಷವೇನಿಲ್ಲ. ಒಂದು ಟಾರ್ ಕಟ್ಟು, ಅದರ ಕೊನೆಗೆ ಎಂಡಿ5 ಮೊತ್ತದ (ಫೈಲ್ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆಯ) 32 ಅಕ್ಷರ ಅಂಟಿಸಿರುತ್ತಾರೆ. ಪೆಟ್2ಟಿಜಿಝಡ್ ಎಂಬ ಸ್ಕ್ರಿಪ್ಟ್ ಆ ಬಾಲವನ್ನು ಕತ್ತರಿಸಿ, ಮೊತ್ತ ತಾಳೆ ನೋಡಿ, ಒಳಗಿನ ಟಾರ್ ಕೊಡುತ್ತದೆ. ಒಳಗೆ ಪೆಟ್.ಸ್ಪೆಕ್ಸ್ ಎಂಬ ವಿವರದ ಫೈಲ್, ಬೇಕಿದ್ದರೆ ಪಿನ್‌ಸ್ಟಾಲ್ ಸ್ಕ್ರಿಪ್ಟ್. ಕೈಯಲ್ಲೇ ಕಟ್ಟಬಹುದು. ಚಿಕ್ಕ ಸಾಫ್ಟ್‌ವೇರ್‌ಗೆ ಪೆಟ್, ಲಿಬ್ರೆಆಫೀಸ್‌ನಂಥ ದೊಡ್ಡದಕ್ಕೆ ಎಸ್‌ಎಫ್‌ಎಸ್. ಪೆಟ್ ಹಾಕಿದರೆ ಫೈಲ್‌ಗಳು ಸೇವ್ ಪದರಕ್ಕೆ ನಕಲಾಗುತ್ತವೆ, ಜಾಗ ತಿನ್ನುತ್ತವೆ. ಎಸ್‌ಎಫ್‌ಎಸ್ ಆದರೆ ಇದ್ದಲ್ಲೇ ಇದ್ದು ಪದರವಾಗಿ ಸೇರಿಕೊಳ್ಳುತ್ತದೆ, ಬೇಡವೆಂದಾಗ ಗುರುತಿಲ್ಲದೆ ಹೋಗುತ್ತದೆ.

ಭಂಡಾರಿ:

ಎಂಡಿ5 ತಾಳೆಯಿಂದ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆಯೇ ಎಂದು ಗೊತ್ತಾಗುತ್ತದೆ, ಅಷ್ಟೇ. ಯಾರು ಕಟ್ಟಿದರು, ನಡುವೆ ಯಾರಾದರೂ ಬದಲಿಸಿದರೇ ಅನ್ನುವುದಕ್ಕೆ ಅದು ಉತ್ತರ ಕೊಡುವುದಿಲ್ಲ. ಕಟ್ಟಿನೊಳಗೇ ಮೊತ್ತ ಇದ್ದರೆ, ಕಟ್ಟನ್ನು ಬದಲಿಸಿದವರು ಮೊತ್ತವನ್ನೂ ಬದಲಿಸುತ್ತಾರೆ. ಸೂಚಿಗೆ ಸಹಿ, ಸೂಚಿಯಲ್ಲಿ ಪ್ರತಿ ಫೈಲ್‌ನ ಎಸ್‌ಎಚ್‌ಎ256: ಇಷ್ಟಾದರೂ ಇಲ್ಲದ ಫಾರ್ಮ್ಯಾಟನ್ನು ಇನ್ನೊಬ್ಬರ ಯಂತ್ರಕ್ಕೆ ಕೊಡಬೇಡಿ. ಈ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ.

ಹಳೇಯಂತ್ರ:

ಒಪ್ಪಿದೆ. ಸಹಿ ಬೇಕೇ ಬೇಕು.

ಚಿಕ್ಕಕರ್ನಲ್:

ಟೈನಿ ಕೋರ್ ಬಗ್ಗೆ ಕೇಳಿದ್ದಿರಲ್ಲ. ಟಿಸಿಝಡ್ ಕೂಡ ಸ್ಕ್ವಾಶ್‌ಎಫ್‌ಎಸ್ ಫೈಲೇ, ಹೆಸರು ಬೇರೆ. ವ್ಯತ್ಯಾಸ ಅದನ್ನು ಸೇರಿಸುವ ರೀತಿಯಲ್ಲಿದೆ. ಯೂನಿಯನ್ ಪದರವೇ ಅಲ್ಲಿಲ್ಲ. ಪ್ರತಿ ಟಿಸಿಝಡ್ ಅನ್ನು /ಟಿಎಂಪಿ/ಟಿಸಿಲೂಪ್ ಕೆಳಗೆ ತನ್ನದೇ ಡೈರೆಕ್ಟರಿಯಲ್ಲಿ ಮೌಂಟ್ ಮಾಡಿ (ಅಂದರೆ ಫೋಲ್ಡರ್‌ನಂತೆ ತೆರೆದಿಟ್ಟು), ಒಳಗಿನ ಪ್ರತಿ ಫೈಲ್‌ಗೂ ರೂಟ್‌ನಲ್ಲಿ ಒಂದು ಸಿಮ್‌ಲಿಂಕ್ (ಇನ್ನೊಂದು ವಿಳಾಸ ತೋರುವ ಕೊಂಡಿ) ಹಾಕುತ್ತಾರೆ. ರೂಟ್ ಇರುವುದು ರ‍್ಯಾಮ್‌ನಲ್ಲಿ. ಮುಂದಿನ ಬೂಟ್‌ನಲ್ಲಿ ಎಲ್ಲ ಹೊಸದಾಗಿ ಶುರು; ಆನ್‌ಬೂಟ್ ಪಟ್ಟಿಯಲ್ಲಿ ಇದ್ದವು ಮಾತ್ರ ಬರುತ್ತವೆ.

ಇದರ ಲಾಭ ಏನೆಂದರೆ, ಓಡುತ್ತಿರುವ ಸಿಸ್ಟಮ್‌ಗೆ ರೀಬೂಟ್ ಇಲ್ಲದೆ ಸೇರಿಸಬಹುದು. ಪದರಗಳಿಗೆ ಬಳಸುತ್ತಿದ್ದ ಹಳೇ ಎಯುಎಫ್‌ಎಸ್‌ನಲ್ಲಿ ಓಡುತ್ತಿರುವಾಗಲೇ ಹೊಸ ಪದರ ತೂರಿಸಲು ಬರುತ್ತಿತ್ತು, ಆದರೆ ಅದು ಮುಖ್ಯ ಕರ್ನಲ್‌ಗೆ ಸೇರಲೇ ಇಲ್ಲ. 2014ರಲ್ಲಿ 3.18ರಿಂದ ಕರ್ನಲ್‌ನಲ್ಲೇ ಬಂದ ಓವರ್‌ಲೇಎಫ್‌ಎಸ್‌ಗೆ ಆ ಸೌಲಭ್ಯ ಇಲ್ಲ. ಮೌಂಟ್ ಆದ ಮೇಲೆ ಪದರಗಳು ಆ ಮೌಂಟ್ ಇರುವಷ್ಟು ಹೊತ್ತು ಅವೇ. ಪದರಪ್ರಿಯ ಅವರೇ, ನಿಮ್ಮ ಬಳಕೆದಾರರು ರೀಬೂಟ್‌ಗೆ ಒಪ್ಪುತ್ತಾರೆಯೇ, ಮೊದಲು ಅದನ್ನು ಯೋಚಿಸಿ.

ಅವಲಂಬನೆಗೆ ಪ್ರತಿ ಟಿಸಿಝಡ್ ಜೊತೆ ಒಂದು ಡೆಪ್ ಫೈಲ್: ಬೇಕಾದವುಗಳ ಹೆಸರು, ಒಂದರ ಕೆಳಗೆ ಒಂದು. ಆವೃತ್ತಿ ಸಂಖ್ಯೆಯ ಜಂಜಾಟವೇ ಇಲ್ಲ, ಯಾಕೆಂದರೆ ಭಂಡಾರ ಇಡಿಯಾಗಿ ಒಂದು ಆವೃತ್ತಿಗೆ ಸೇರಿದ್ದು. ಹಾಕಿದ್ದಕ್ಕೆ ಗುರುತು? /ಯುಎಸ್‌ಆರ್/ಲೋಕಲ್/ಟಿಸಿಇ.ಇನ್‌ಸ್ಟಾಲ್ಡ್ ಎಂಬ ಡೈರೆಕ್ಟರಿಯಲ್ಲಿ ಒಂದೊಂದಕ್ಕೆ ಒಂದೊಂದು ಫೈಲ್. ಕಟ್ಟುಗ ಅವರ ಮಾತಿಗೆ ಇನ್ನೊಂದು ಸಾಕ್ಷಿ.

ಹೊಸಹೆಜ್ಜೆ:

ನಾನು ಲಿನಕ್ಸ್‌ಗೆ ಹೊಸಬಳು, ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಯಾಕೆ? ಆ್ಯಪ್‌ಇಮೇಜ್ ಇಳಿಸಿ, ಓಡಿಸಲು ಅನುಮತಿ ಕೊಟ್ಟು ಕ್ಲಿಕ್ ಮಾಡಿದರೆ ಆಯಿತಲ್ಲ? ಫ್ಲ್ಯಾಟ್‌ಪ್ಯಾಕ್ ಕೂಡ ಎಲ್ಲ ಡಿಸ್ಟ್ರೋದಲ್ಲೂ ನಡೆಯುತ್ತದಂತೆ.

ಕಟ್ಟುಗ:

ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಆ್ಯಪ್‌ಇಮೇಜ್ ಕೂಡ ಒಳಗಿನಿಂದ ಸ್ಕ್ವಾಶ್‌ಎಫ್‌ಎಸ್ಸೇ. ಮುಂದೆ ಒಂದು ಸಣ್ಣ ಪ್ರೋಗ್ರಾಮ್ ಇರುತ್ತದೆ, ಅದು ಫ್ಯೂಸ್ (ಸಾಮಾನ್ಯ ಬಳಕೆದಾರರಿಗೂ ಮೌಂಟ್ ಮಾಡಲು ಬಿಡುವ ವ್ಯವಸ್ಥೆ) ಮೂಲಕ ಹಿಂದಿನದನ್ನು ಮೌಂಟ್ ಮಾಡಿ ಓಡಿಸುತ್ತದೆ. ಬಹಳಷ್ಟು ಆ್ಯಪ್‌ಇಮೇಜ್‌ಗಳಿಗೆ ಲಿಬ್‌ಫ್ಯೂಸ್2 ಬೇಕು, ಉಬುಂಟು 22.04ರಿಂದ ಅದು ತಾನಾಗಿ ಬರುವುದಿಲ್ಲ. ಫ್ಯೂಸ್ ಇಲ್ಲದಿದ್ದರೆ ಆ್ಯಪ್‌ಇಮೇಜ್-ಎಕ್ಸ್‌ಟ್ರ್ಯಾಕ್ಟ್ ಆಯ್ಕೆ ಕೊಟ್ಟು ಬಿಚ್ಚಿಕೊಳ್ಳಬಹುದು.

ಆದರೆ "ಎಲ್ಲ ಕಡೆ ನಡೆಯುತ್ತದೆ" ಅನ್ನುವಲ್ಲಿ ಒಂದು ಷರತ್ತಿದೆ. ಆ್ಯಪ್‌ಇಮೇಜ್ ಸಾಮಾನ್ಯವಾಗಿ ಜಿಲಿಬ್‌ಸಿಯನ್ನು ಹೊತ್ತು ತರುವುದಿಲ್ಲ, ನಿಮ್ಮ ಸಿಸ್ಟಮ್‌ನದನ್ನೇ ಬಳಸುತ್ತದೆ. 2021ರ ಜಿಲಿಬ್‌ಸಿ 2.34ರಲ್ಲಿ ಪ್ರೋಗ್ರಾಮ್ ಶುರುವಾಗುವ ಮೊದಲ ಸಿಂಬಲ್‌ಗೇ ಹೊಸ ಆವೃತ್ತಿ ಬಂತು. ಅದರ ಮೇಲೆ ಕಂಪೈಲ್ ಮಾಡಿದ್ದು ಎರಡು ಸಾಲಿನ ಪ್ರೋಗ್ರಾಮ್ ಆದರೂ ಹಳೇ ಜಿಲಿಬ್‌ಸಿಯಲ್ಲಿ ಏಳುವುದಿಲ್ಲ. ಡೆಬಿಯನ್ 11ರಲ್ಲಿ ಇರುವುದು 2.31, ಡೆಬಿಯನ್ 12ರಲ್ಲಿ 2.36. ಉಬುಂಟು 22.04ರಲ್ಲಿ ಕಟ್ಟಿದ ಆ್ಯಪ್‌ಇಮೇಜ್ ಡೆಬಿಯನ್ 11ರಲ್ಲಿ "ಜಿಲಿಬ್‌ಸಿ 2.34 ಇಲ್ಲ" ಎಂದು ನಿಲ್ಲುವುದು ಇದಕ್ಕೇ. ಆಲ್ಪೈನ್ ಲಿನಕ್ಸ್‌ನಲ್ಲಂತೂ ಇರುವುದು ಮಸಲ್ ಎಂಬ ಬೇರೆ ಸಿ ಲೈಬ್ರರಿ. ಜಿಲಿಬ್‌ಸಿಗೆ ಕಟ್ಟಿದ್ದು ಅಲ್ಲಿ ನೇರವಾಗಿ ಓಡುವುದಿಲ್ಲ.

2 ಜಿಬಿ ಯಂತ್ರಕ್ಕೆ ಇನ್ನೊಂದು ಪೆಟ್ಟಿದೆ. ಎರಡು ಪ್ರೋಗ್ರಾಮ್‌ಗಳು ತಳದ ಒಂದೇ ಲೈಬ್ರರಿ ಫೈಲ್ ಬಳಸಿದರೆ ಕರ್ನಲ್ ಅದನ್ನು ರ‍್ಯಾಮ್‌ನಲ್ಲಿ ಒಂದೇ ಸಲ ಇಡುತ್ತದೆ. ಎರಡು ಆ್ಯಪ್‌ಇಮೇಜ್‌ಗಳು ಅದೇ ಲೈಬ್ರರಿಯ ತಮ್ಮ ತಮ್ಮ ಪ್ರತಿ ತಂದರೆ ಕರ್ನಲ್‌ಗೆ ಅವು ಬೇರೆ ಬೇರೆ ಫೈಲ್, ಎರಡು ಸಲ ಇಡುತ್ತದೆ. ಫ್ಲ್ಯಾಟ್‌ಪ್ಯಾಕ್‌ನಲ್ಲಿ ಒಂದೇ ರನ್‌ಟೈಮ್ ಬಳಸುವ ಆ್ಯಪ್‌ಗಳು ಹಂಚಿಕೊಳ್ಳುತ್ತವೆ ನಿಜ, ಆದರೆ ಮೊದಲ ಆ್ಯಪ್‌ಗೇ ನೂರಾರು ಎಂಬಿಯ ರನ್‌ಟೈಮ್ ಇಳಿಯುತ್ತದೆ. ಉಬುಂಟುವಿನ ಸ್ನ್ಯಾಪ್ ಫಾರ್ಮ್ಯಾಟ್‌ಗೆ ಸಿಸ್ಟಮ್‌ಡಿ ಬೇಕು, ಇಲ್ಲಿಗೆ ಅದು ಮುಗಿಯಿತು.

ಎಲ್ಲೋ ಒಂದು ಆ್ಯಪ್ ಭಂಡಾರದಲ್ಲಿ ಸಿಗುವುದೇ ಇಲ್ಲ ಅಂದಾಗ ಆ್ಯಪ್‌ಇಮೇಜ್ ಬಳಸಿ, ಅಡ್ಡಿಯಿಲ್ಲ. ಇಡೀ ಸಿಸ್ಟಮ್‌ನ ಆಧಾರವಾಗಿ ಬೇಡ.

ಹೊಸಹೆಜ್ಜೆ:

ರ‍್ಯಾಮ್ ವಿಷಯ ಈಗ ಅರ್ಥವಾಯಿತು, ಧನ್ಯವಾದ ಸರ್.

ಪದರಪ್ರಿಯ:

ಎಲ್ಲವನ್ನೂ ಓದಿದೆ. ರೀಬೂಟ್‌ಗೆ ನಮ್ಮವರು ಒಪ್ಪುತ್ತಾರೆ. ನನಗೆ ಹೊಳೆಯುತ್ತಿರುವುದು ಹೀಗೆ: ಭಂಡಾರ ಡೆಬಿಯನ್‌ನದೇ ಇರಲಿ, ಆದರೆ ಬಳಕೆದಾರರ ಯಂತ್ರದಲ್ಲಿ ಆಪ್ಟ್ ನೇರವಾಗಿ ಸೇವ್ ಫೋಲ್ಡರ್‌ಗೆ ಬರೆಯುವುದು ಬೇಡ. ಒಂದು ಸ್ಕ್ರಿಪ್ಟ್ ಬೇಕಾದ ಡೆಬ್‌ಗಳನ್ನು ಸಹಿ ತಾಳೆ ನೋಡಿ ಇಳಿಸಿ, ಖಾಲಿ ಡೈರೆಕ್ಟರಿಯಲ್ಲಿ ಬಿಚ್ಚಿ, ಒಂದು ಸ್ಕ್ವಾಶ್‌ಎಫ್‌ಎಸ್ ಮಾಡ್ಯೂಲ್ ಕಟ್ಟಿಕೊಡಲಿ. ಬೂಟ್‌ನಲ್ಲಿ ಅದು ಪದರವಾಗಿ ಸೇರಲಿ. ಡೆಬ್ ಸರಕು, ಮಾಡ್ಯೂಲ್ ರೂಪ. ಇದರಲ್ಲಿ ಎಲ್ಲಿ ಎಡವುತ್ತೇನೆ, ಹೇಳಿ.

ಕಟ್ಟುಗ:

ದಾರಿ ಸರಿಯಾಗಿದೆ. ಎಡವುವ ಜಾಗಗಳನ್ನು ಹೇಳುತ್ತೇನೆ.

ಮೊದಲನೆಯದು ಸಿಸ್ಟಮ್ಮನ್ನೇ ಕೊಲ್ಲುತ್ತದೆ. ಡೆಬಿಯನ್ 12ರಲ್ಲಿ /ಲಿಬ್ ಎಂಬುದು ನಿಜವಾದ ಡೈರೆಕ್ಟರಿ ಅಲ್ಲ, ಯುಎಸ್‌ಆರ್/ಲಿಬ್‌ಗೆ ಹೋಗುವ ಸಿಮ್‌ಲಿಂಕ್. /ಬಿನ್, /ಎಸ್‌ಬಿನ್ ಕೂಡ ಹಾಗೇ. ಆದರೆ ಎಷ್ಟೋ ಡೆಬ್‌ಗಳ ಒಳಗೆ ಫೈಲ್‌ಗಳು ಇನ್ನೂ /ಲಿಬ್ ಎಂಬ ವಿಳಾಸದಲ್ಲೇ ಇವೆ. ಓಡುತ್ತಿರುವ ಸಿಸ್ಟಮ್‌ನಲ್ಲಿ ಡಿಪಿಕೆಜಿ ಹಾಕಿದರೆ ಸಿಮ್‌ಲಿಂಕ್ ಹಿಡಿದು ಸರಿಯಾದ ಕಡೆ ಹೋಗುತ್ತದೆ. ನೀವು ಖಾಲಿ ಡೈರೆಕ್ಟರಿಯಲ್ಲಿ ಬಿಚ್ಚಿದಾಗ ಅಲ್ಲಿ ಸಿಮ್‌ಲಿಂಕ್ ಇಲ್ಲ, ಆದ್ದರಿಂದ ಲಿಬ್ ಎಂಬ ನಿಜವಾದ ಡೈರೆಕ್ಟರಿಯೇ ಹುಟ್ಟುತ್ತದೆ. ಆ ಮಾಡ್ಯೂಲನ್ನು ತಳದ ಮೇಲೆ ಇಟ್ಟಿರೋ, ಮೇಲಿನ ಡೈರೆಕ್ಟರಿ ಕೆಳಗಿನ ಸಿಮ್‌ಲಿಂಕನ್ನು ಮುಚ್ಚಿತು. ಈಗ /ಲಿಬ್ ಒಳಗೆ ಆ ಒಂದು ಪ್ಯಾಕೇಜ್‌ನ ನಾಲ್ಕು ಫೈಲ್ ಬಿಟ್ಟರೆ ಏನೂ ಇಲ್ಲ. 64 ಬಿಟ್ ಯಂತ್ರದಲ್ಲಿ ಡೈನಾಮಿಕ್ ಲಿಂಕರ್‌ನ ವಿಳಾಸ /ಲಿಬ್64, ಅಲ್ಲಿಗೂ ಇದೇ ಗತಿ ಬಂದರೆ ಶೆಲ್ ಕೂಡ ಏಳುವುದಿಲ್ಲ. ಆದ್ದರಿಂದ ಬಿಚ್ಚಿದ ಮೇಲೆ, ಕಟ್ಟುವ ಮೊದಲು, ಬಿನ್, ಎಸ್‌ಬಿನ್, ಲಿಬ್, ಲಿಬ್64 ಇವುಗಳ ಒಳಗಿದ್ದದ್ದನ್ನೆಲ್ಲ ಯುಎಸ್‌ಆರ್ ಕೆಳಗೆ ಸರಿಸಿ, ಖಾಲಿ ಡೈರೆಕ್ಟರಿಗಳನ್ನು ಅಳಿಸಿ. ಸ್ಕ್ರಿಪ್ಟ್ ಕೊನೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಲಿ: ಇವುಗಳಲ್ಲಿ ಒಂದಾದರೂ ಉಳಿದಿದ್ದರೆ ಮಾಡ್ಯೂಲ್ ಕಟ್ಟಲೇಬಾರದು.

ಎರಡನೆಯದು ಮತ್ತೆ ಅದೇ ಒಂದೇ-ಫೈಲ್ ಸಮಸ್ಯೆ, ಬೇರೆ ವೇಷದಲ್ಲಿ. ಎಲ್‌ಡಿ.ಎಸ್‌ಒ.ಕ್ಯಾಶ್, ಜಿಲಿಬ್ ಸ್ಕೀಮಾಗಳನ್ನು ಒಟ್ಟುಗೂಡಿಸಿದ ಜಿಸ್ಕೀಮಾಸ್.ಕಂಪೈಲ್ಡ್, ಐಕಾನ್ ಕ್ಯಾಶ್, ಮೈಮ್‌ಇನ್‌ಫೋ.ಕ್ಯಾಶ್. ಇವು ಎಲ್ಲ ಪ್ಯಾಕೇಜ್‌ಗಳ ಮಾಹಿತಿಯನ್ನು ಒಂದೇ ಫೈಲ್‌ನಲ್ಲಿ ಇಡುತ್ತವೆ. ಮಾಡ್ಯೂಲ್ ತನ್ನದೇ ಪ್ರತಿ ತಂದರೆ ಬೇರೆಯವರದ್ದೆಲ್ಲ ಮುಚ್ಚಿಹೋಗುತ್ತದೆ. ಹೊಸ ಮಾಡ್ಯೂಲ್ ಹಾಕಿದ ತಕ್ಷಣ ಇನ್ಯಾವುದೋ ಪ್ರೋಗ್ರಾಮ್ "ಸ್ಕೀಮಾ ಸಿಗಲಿಲ್ಲ" ಎಂದು ಬಿದ್ದುಹೋದರೆ ಕಾರಣ ಇದೇ. ಮಾಡ್ಯೂಲ್‌ನಿಂದ ಇವನ್ನು ಕಿತ್ತುಹಾಕಿ, ಬೂಟ್‌ನಲ್ಲಿ ಎಲ್ಲ ಪದರಗಳು ಸೇರಿದ ಮೇಲೆ ಒಂದು ಸಲ ಹೊಸದಾಗಿ ಕಟ್ಟಿ. ಮಾಡ್ಯೂಲ್‌ಗಳ ಪಟ್ಟಿ ಹಿಂದಿನ ಬೂಟ್‌ನದ್ದೇ ಆಗಿದ್ದು ತಳವೂ ಬದಲಾಗಿರದಿದ್ದರೆ ಬಿಟ್ಟುಬಿಡಿ, ಸಮಯ ಉಳಿಯುತ್ತದೆ.

ಕೆಲವು ಪ್ಯಾಕೇಜ್‌ಗಳ ಪೋಸ್ಟ್‌ಇನ್‌ಸ್ಟ್ (ಇನ್‌ಸ್ಟಾಲ್ ಆದ ಮೇಲೆ ಓಡುವ) ಸ್ಕ್ರಿಪ್ಟ್ ಸಿಸ್ಟಮ್ ಬಳಕೆದಾರರನ್ನು ಸೃಷ್ಟಿಸುತ್ತದೆ, ಅಂದರೆ /ಇಟಿಸಿ/ಪಾಸ್‌ವರ್ಡ್ ಫೈಲ್ ಮುಟ್ಟುತ್ತದೆ. ಅಂಥವನ್ನು ಮಾಡ್ಯೂಲ್ ಮಾಡಲು ಹೋಗಬೇಡಿ, ತಳಕ್ಕೇ ಸೇರಿಸಿ. ಸರ್ವರ್ ತರಹದ ಸಾಫ್ಟ್‌ವೇರ್ ಬಿಟ್ಟರೆ ಈ ತೊಂದರೆ ಕಡಿಮೆ.

ಚಿಕ್ಕಕರ್ನಲ್:

ಕಂಪ್ರೆಶನ್ ಯಾವುದು ಹಾಕುತ್ತೀರಿ? ನನ್ನ ಮತ ಝಡ್‌ಸ್ಟ್ಯಾಂಡರ್ಡ್. ಸ್ಕ್ವಾಶ್‌ಎಫ್‌ಎಸ್‌ಗೆ ಅದು ಕರ್ನಲ್ 4.14ರಿಂದ ಇದೆ. ಎಕ್ಸ್‌ಝಡ್‌ನಲ್ಲಿ ಫೈಲ್ ಇನ್ನಷ್ಟು ಚಿಕ್ಕದಾಗುತ್ತದೆ, ಆದರೆ ಹಳೇ ಪ್ರೊಸೆಸರ್ ಪ್ರತಿ ಸಲ ಬಿಚ್ಚುವಾಗ ಏದುಸಿರು ಬಿಡುತ್ತದೆ. ಆರ್ಚ್‌ನವರು 2019ರ ಕೊನೆಯಲ್ಲಿ ಎಕ್ಸ್‌ಝಡ್‌ನಿಂದ ಇದಕ್ಕೆ ಬಂದಾಗ ಹೇಳಿದ್ದು: ಪ್ಯಾಕೇಜ್‌ಗಳ ಒಟ್ಟು ಗಾತ್ರ ಸುಮಾರು 0.8% ಹೆಚ್ಚಾಯಿತು, ಬಿಚ್ಚುವ ವೇಗ ಸುಮಾರು 1300% ಏರಿತು. ಅವರದು ಒಂದೇ ಸಲ ಬಿಚ್ಚಿಟ್ಟುಕೊಳ್ಳುವ ಪ್ಯಾಕೇಜ್. ಮಾಡ್ಯೂಲ್‌ನಲ್ಲಿ ದಿನವಿಡೀ ಬಿಚ್ಚುತ್ತಲೇ ಇರಬೇಕು, ಹಾಗಾಗಿ ಲಾಭ ನಮಗೇ ಹೆಚ್ಚು.

ಬ್ಲಾಕ್ ಗಾತ್ರವನ್ನೂ ಗಮನಿಸಿ. ತಾನಾಗಿ ಬರುವುದು 128 ಕೆಬಿ, 1 ಎಂಬಿವರೆಗೆ ಏರಿಸಬಹುದು. ಏರಿಸಿದರೆ ಫೈಲ್ ಚಿಕ್ಕದಾಗುತ್ತದೆ ಎಂದು ಎಲ್ಲರೂ ಏರಿಸುತ್ತಾರೆ. ಆದರೆ ನಾಲ್ಕು ಕೆಬಿ ಬೇಕಾದಾಗಲೂ ಇಡೀ ಬ್ಲಾಕ್ ಬಿಚ್ಚಬೇಕು. ಟೈನಿ ಕೋರ್‌ನವರು ಟಿಸಿಝಡ್ ಕಟ್ಟುವಾಗ 4 ಕೆಬಿ ಬ್ಲಾಕ್ ಸೂಚಿಸುವುದು ಸುಮ್ಮನೆ ಅಲ್ಲ. ನಿಮಗೆ 128 ಸಾಕು.

ಭಂಡಾರಿ:

ಪೆನ್‌ಡ್ರೈವ್ ಯುಎಸ್‌ಬಿ 2.0 ಆಗಿದ್ದರೆ ಓದುವುದೇ ನಿಧಾನ. ಅಲ್ಲಿ ಚಿಕ್ಕ ಫೈಲ್‌ಗೂ ಬೆಲೆ ಇದೆ. ಎರಡನ್ನೂ ಆ ಯಂತ್ರದಲ್ಲೇ ಅಳೆದು ನೋಡದೆ ನಿರ್ಧರಿಸಬೇಡಿ.

ಮಾಡ್ಯೂಲ್ ಯೋಚನೆಗೆ ನನ್ನ ವಿರೋಧ ಈಗಿಲ್ಲ, ಸರಕು ಡೆಬಿಯನ್‌ನದೇ ಆದ್ದರಿಂದ. ಒಂದೇ ಒತ್ತಾಯ: ಪ್ರತಿ ಮಾಡ್ಯೂಲ್ ಒಳಗೆ ಒಂದು ಪಟ್ಟಿ ಇರಲಿ, ಯಾವ ಡೆಬ್, ಯಾವ ಆವೃತ್ತಿ ಎಂದು. ಭದ್ರತಾ ತಿದ್ದುಪಡಿ ಬಂದಾಗ ಯಾವ ಮಾಡ್ಯೂಲ್ ಮತ್ತೆ ಕಟ್ಟಬೇಕೆಂದು ಸ್ಕ್ರಿಪ್ಟ್‌ಗೆ ಗೊತ್ತಾಗಬೇಕು. ಆ ಪಟ್ಟಿಯ ಹೆಸರು ಮಾಡ್ಯೂಲ್‌ನ ಹೆಸರೇ ಆಗಿರಲಿ, ಇಲ್ಲದಿದ್ದರೆ ಅದೂ ಒಂದನ್ನೊಂದು ಮುಚ್ಚುತ್ತದೆ!

ಹಳೇಯಂತ್ರ:

ವೈಟ್‌ಔಟ್ ಬಗ್ಗೆ ಯಾರೂ ಹೇಳಲಿಲ್ಲ. ಕೆಳಗಿನ ಪದರದ ಫೈಲನ್ನು ಬಳಕೆದಾರರು ಅಳಿಸಿದರೆ ಅದು ನಿಜವಾಗಿ ಅಳಿಯುವುದಿಲ್ಲ, ಓದಲು ಮಾತ್ರ ಬರುವ ಪದರ ಅಲ್ಲವೇ. ಮೇಲಿನ ಪದರದಲ್ಲಿ ಅದೇ ಹೆಸರಿನ ಒಂದು ಗುರುತು ಬೀಳುತ್ತದೆ. ಓವರ್‌ಲೇಎಫ್‌ಎಸ್‌ನಲ್ಲಿ ಅದು 0/0 ಸಂಖ್ಯೆಯ ಕ್ಯಾರೆಕ್ಟರ್ ಡಿವೈಸ್. ಆಮೇಲೆ ಹೊಸ ಮಾಡ್ಯೂಲ್‌ನಲ್ಲಿ ಅದೇ ಹೆಸರಿನ ಫೈಲ್ ಬಂದರೂ ಕಾಣುವುದಿಲ್ಲ. "ಮಾಡ್ಯೂಲ್‌ನಲ್ಲಿ ಇದೆ, ಸಿಸ್ಟಮ್‌ನಲ್ಲಿ ಇಲ್ಲ" ಎಂದು ಯಾರಾದರೂ ಬಂದರೆ ಮೊದಲು ಸೇವ್ ಫೋಲ್ಡರ್‌ನ ಯುಎಸ್‌ಆರ್ ಒಳಗೆ ಇಂಥ ಗುರುತು ಹುಡುಕಿ. ಫೈಂಡ್ ಕಮಾಂಡ್‌ಗೆ ಟೈಪ್ ಸಿ ಎಂದು ಕೊಟ್ಟರೆ ಸಾಕು, ಸಾಲಾಗಿ ತೋರಿಸುತ್ತದೆ. ಅಳಿಸುವಾಗ ಮಾತ್ರ ಓವರ್‌ಲೇ ಮೌಂಟ್ ಆಗಿರದ ಹೊತ್ತಿನಲ್ಲಿ, ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲೋ (ಬೂಟ್‌ನ ಆರಂಭದಲ್ಲಿ ರ‍್ಯಾಮ್‌ಗೆ ಬರುವ ಪುಟ್ಟ ಸಿಸ್ಟಮ್) ಬೇರೆ ಸಿಸ್ಟಮ್‌ನಿಂದಲೋ ಅಳಿಸಿ.

ಹಾಗೆಯೇ ಸೇವ್ ಫೋಲ್ಡರ್ ಫ್ಯಾಟ್ ಪಾರ್ಟಿಶನ್ ಮೇಲೆ ಇಡಲು ಬರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಎಕ್ಸ್‌ಟ್4 ಪಾರ್ಟಿಶನ್ ಮಾಡಿಕೊಳ್ಳಿ, ಇಲ್ಲವೇ ಫ್ಯಾಟ್ ಮೇಲೆ ಎಕ್ಸ್‌ಟ್4 ತುಂಬಿದ ಸೇವ್ ಫೈಲ್ ಇಡಿ.

ಪದರಪ್ರಿಯ:

ಇವನ್ನೆಲ್ಲ ಬರೆದಿಟ್ಟುಕೊಂಡೆ. ಸ್ಕ್ರಿಪ್ಟ್‌ನಲ್ಲಿ ಯುಎಸ್‌ಆರ್‌ಗೆ ಸರಿಸುವ ಹಂತ, ಕ್ಯಾಶ್ ಕೀಳುವ ಹಂತ, ಪಟ್ಟಿಯ ಹಂತ ಮೂರೂ ಸೇರುತ್ತವೆ. ಅವಲಂಬನೆ ಲೆಕ್ಕ ಹಾಕಲು ಶುದ್ಧ ತಳದ ಸ್ಟೇಟಸ್ ಫೈಲ್ ಮೇಲೆ ಆಪ್ಟ್‌ನ ಅಣಕು ಓಟ ಓಡಿಸುತ್ತೇನೆ. ಬಳಕೆದಾರರ ಯಂತ್ರದಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತಾಗುವುದೇ ಬೇಡ. ತಳದ ಆವೃತ್ತಿ ಬದಲಾದರೆ ಮಾಡ್ಯೂಲ್‌ಗಳನ್ನು ಹೊಸದಾಗಿ ಕಟ್ಟುವುದು, ಹಳೆಯವನ್ನು ಸೇರಿಸದೇ ಇರುವುದು.

ಒಂದು ಕೊನೆಯ ಅನುಮಾನ. ಬಳಕೆದಾರರು ಮಾಡ್ಯೂಲ್‌ಗಳನ್ನು ಹಾಕುತ್ತಾ ಹೋದರೆ ಓವರ್‌ಲೇಎಫ್‌ಎಸ್ ಎಷ್ಟನ್ನು ತಾಳುತ್ತದೆ?

ಕಟ್ಟುಗ:

ಒಂದಕ್ಕಿಂತ ಹೆಚ್ಚು ಕೆಳಪದರ ಕರ್ನಲ್ 4.0ರಿಂದ ನಡೆಯುತ್ತದೆ, ಸಂಖ್ಯೆಯ ಮಿತಿ ನಿಮಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಮೌಂಟ್ ಕಮಾಂಡ್‌ನ ಉದ್ದ. ಹಳೇ ಮೌಂಟ್ ಪದ್ಧತಿಯಲ್ಲಿ ಆಯ್ಕೆಗಳೆಲ್ಲ ಸೇರಿ ಒಂದು ಪುಟದೊಳಗೆ, ಅಂದರೆ 4096 ಬೈಟ್‌ನೊಳಗೆ ಇರಬೇಕು. ಪ್ರತಿ ಮಾಡ್ಯೂಲನ್ನು ಉದ್ದ ಹೆಸರಿನ ಡೈರೆಕ್ಟರಿಯಲ್ಲಿ ಮೌಂಟ್ ಮಾಡಿದರೆ ಬೇಗ ತುಂಬಿಹೋಗುತ್ತದೆ. ಮಾಡ್ಯೂಲ್ ಫೈಲ್‌ಗೆ ಎಷ್ಟು ಉದ್ದ ಹೆಸರಾದರೂ ಇರಲಿ, ಮೌಂಟ್ ಮಾಡುವ ಜಾಗಕ್ಕೆ /ಎಂ/1, /ಎಂ/2 ಎಂದು ಕೊಡಿ. ಕೆಳಪದರಗಳ ಸಾಲಿನಲ್ಲಿ ಮೊದಲು ಬರೆದದ್ದು ಮೇಲೆ ಕೂರುತ್ತದೆ, ಆದ್ದರಿಂದ ತಳ ಯಾವತ್ತೂ ಕೊನೆಗೆ.